ಇಲ್ಲದ ಪುಸ್ತಕ ಕಳೆದವಳು

ನನ್ನ ತಂಗಿಯನ್ನು ಕಳ್ಳಿ ಎಂದು ಕರೆದ ಕಾಗದವನ್ನು ನನ್ನ ತಂಗಿಯೇ ತಂದು ನನ್ನ ಕೈಗೆ ಕೊಟ್ಟಳು. ಕಳ್ಳಿ ಎನ್ನುವ ಮಾತು ಅದರಲ್ಲಿ ಇರಲಿಲ್ಲ, ಬಿಡಿ. ವಿಶ್ವವಿದ್ಯಾಲಯದ ಕಾಗದಗಳಿಗೆ ಅಷ್ಟು ನೇರವಾಗಿ ಮಾತಾಡುವ ಧೈರ್ಯ ಎಲ್ಲಿಂದ ಬರಬೇಕು? ‘ತಮ್ಮ ವಶದಲ್ಲಿದ್ದ ಗ್ರಂಥಗಳು ವಾರ್ಷಿಕ ಎಣಿಕೆಯ ವೇಳೆ ದೊರೆಯದಿರುವ ಬಗ್ಗೆ ಸಮಜಾಯಿಷಿ ನೀಡತಕ್ಕದ್ದು’ ಎಂದಿತ್ತು. ಕೆಳಗೆ ಸಹಿ, ಸಹಿಯ ಕೆಳಗೆ ಮೊಹರು, ಅದರ ಹಿಂದೆ ಲಗತ್ತಿಸಿದ, ಕಾಣೆಯಾದ ಪುಸ್ತಕಗಳ ಉದ್ದನೆಯ ಪಟ್ಟಿ.

ಅವಳು ಅದೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕ ಭಂಡಾರದ ಮೇಲ್ವಿಚಾರಕಿ. ಕೆಲಸಕ್ಕೆ ಸೇರಿದಾಗಿನಿಂದ ಆ ಭಂಡಾರದ ಕಪಾಟುಗಳ ನಡುವೆಯೇ ಓಡಾಡಿ ಮಂಡಿ ಸವೆಸಿಕೊಂಡವಳು. ಬರುವ ಬೇಸಿಗೆಗೆ ನಿವೃತ್ತಿ. ನಾನು ಅಲ್ಲಿಯೇ, ಮಹಡಿಯ ಮೇಲೆ, ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ ಪಾಠ ಹೇಳುವವಳು.

"ಅಕ್ಕಾ, ಎಲ್ಲಾ ಕಪಾಟೂ ಹುಡುಕಿದೆ," ಎಂದಳು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು. "ಕಳೆದುಹೋದ ಪುಸ್ತಕ ಅಂದ್ರೆ ಎಲ್ಲೋ ತಪ್ಪು ಜಾಗದಲ್ಲಿರುತ್ತೆ, ಇಲ್ಲ ಯಾರದೋ ಟೇಬಲ್ ಮೇಲಿರುತ್ತೆ. ಪಟ್ಟಿ ತುಂಬಾ ಪುಸ್ತಕ ಇದೆ, ಅದರಲ್ಲಿ ಒಂದಾದ್ರೂ ಸಿಗಬೇಡ್ವಾ? ಒಂದೂ ಇಲ್ಲ. ನನಗೇ ಈಗ ನನ್ನ ಮೇಲೆ ಅನುಮಾನ ಬರ್ತಿದೆ."

"ನಿನ್ನ ಗಂಡ ಏನಂದ?"

"ಏನಂತಾರೆ? ‘ಸುಮ್ನೆ ತಪ್ಪಾಯ್ತು ಅಂತ ಬರೆದುಕೊಡು, ಬಿಟ್ಟುಬಿಡ್ತಾರೆ’ ಅಂದ್ರು. ಅತ್ತೆ ಏನ್ ಕೇಳಿದ್ರು ಗೊತ್ತಾ? ಬಾಗಿಲು ಹಾಕ್ಕೊಂಡು ಬಂದು, ‘ಎಲ್ಲಿಟ್ಟಿದ್ದೀಯಮ್ಮಾ, ನಮ್ಮ ಹತ್ರ ಆದ್ರೂ ಹೇಳು’ ಅಂದ್ರು. ಇವರು ಅಲ್ಲೇ ಕೂತಿದ್ರು. ಪೇಪರಿಂದ ತಲೆ ಎತ್ತಲಿಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಚಿಕ್ಕಂದಿನಿಂದಲೂ ಮನೆಯಲ್ಲಿ ಬಾಯಿ ಮಾಡುವವಳು ನಾನು, ಬಾಯಿ ಮುಚ್ಚಿಕೊಳ್ಳುವವಳು ಅವಳು. ಅಂಥವಳನ್ನು ಅವಳ ಮನೆಯವರೇ ಕಳ್ಳಮಾಲು ಎಲ್ಲಿ ಎಂದು ಕೇಳುವಂತೆ ಮಾಡಿದ ಆ ಕಾಗದವನ್ನು ಒಲೆಗೆ ಹಾಕಬೇಕು ಅನ್ನಿಸಿತು. ಹಾಕುವ ಮೊದಲು ಓದೋಣ ಎಂದು ಕನ್ನಡಕ ಏರಿಸಿದೆ.

ಎರಡನೆಯ ಹಾಳೆಯ ನಡುವೆ ನನ್ನ ಬೆರಳು ನಿಂತಿತು. ‘ಬಾವಿಗಳ ಆಳವನ್ನು ಅಳೆಯುವ ಪ್ರಾಚೀನ ವಿಧಾನಗಳು: ಒಂದು ಸಮೀಕ್ಷೆ. ಪರಿಷ್ಕೃತ ಎರಡನೆಯ ಆವೃತ್ತಿ. ಸಂಪುಟ ಮೂರು.’

ನಾನು ನಕ್ಕುಬಿಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ತಂಗಿ ಮುಖ ಕಪ್ಪು ಮಾಡಿಕೊಂಡು ಎದ್ದು ನಿಂತಳು.

"ಕೂತ್ಕೊಳ್ಳೆ," ಎಂದೆ. "ಈ ಪುಸ್ತಕ ನಿನಗೆ ಹೇಗೆ ಸಿಗಬೇಕು? ಇದನ್ನ ಯಾರೂ ಬರೆದೇ ಇಲ್ಲ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಪಾಠ ಹೇಳುವುದು ಸೂಚೀಕರಣ. ಎಂದರೆ, ಒಂದು ಪುಸ್ತಕ ಕೈಗೆ ಬಂದಾಗ ಅದನ್ನು ಯಾರು ಬರೆದರು, ಯಾರು ಅಚ್ಚು ಹಾಕಿಸಿದರು, ಎಷ್ಟನೆಯ ಆವೃತ್ತಿ, ಯಾವ ವಿಷಯದ್ದು ಎಂದೆಲ್ಲ ನೋಡಿ, ಹುಡುಕುವವನಿಗೆ ಸಿಗುವ ಹಾಗೆ ಕ್ರಮವಾಗಿ ಬರೆದಿಡುವುದು. ಕೇಳಿದವರೆಲ್ಲ "ಇಷ್ಟೇನಾ?" ಅನ್ನುತ್ತಾರೆ. ಇಷ್ಟೇ. ಅನ್ನ ಬೇಯಿಸುವುದೂ ಇಷ್ಟೇ.

ನನಗಿಂತ ಮೊದಲು ಈ ಪಾಠ ಹೇಳುತ್ತಿದ್ದವರನ್ನು ವಿದ್ಯಾರ್ಥಿಗಳು ಚುಕ್ಕಿ ಮೇಷ್ಟ್ರು ಎನ್ನುತ್ತಿದ್ದರು. ಒಂದು ಚುಕ್ಕಿ ಬಿಟ್ಟರೂ ಅಂಕ ಕಡಿಯುತ್ತಿದ್ದ ಮಹಾನುಭಾವ. ನಿಜವಾದ ಪುಸ್ತಕ ಕೊಟ್ಟರೆ ಹುಡುಗರು ಕೆಳಗಿಳಿದು ಹೋಗಿ, ಗ್ರಂಥಾಲಯದ ಡ್ರಾಯರಿನಲ್ಲಿರುವ ಕಾರ್ಡನ್ನೇ ನೋಡಿ ನಕಲು ಮಾಡಿಬಿಡುತ್ತಿದ್ದರು. ಅದಕ್ಕೆ ಅವರು ತಾವೇ ಕೂತು, ಇಲ್ಲದ ಪುಸ್ತಕಗಳಿಗೆ ಮುಖಪುಟ ಬರೆದರು. ಮೂವರು ಲೇಖಕರು, ಇಬ್ಬರು ಸಂಪಾದಕರು, ಒಬ್ಬ ಅನುವಾದಕ, ಹೆಸರು ಬದಲಿಸಿಕೊಂಡ ಒಂದು ಸಂಸ್ಥೆ, ಕಳೆದುಹೋದ ಒಂದನೆಯ ಸಂಪುಟ, ಹೀಗೆ ಲೋಕದಲ್ಲಿರುವ ತೊಡಕನ್ನೆಲ್ಲ ಒಂದೇ ಪುಟಕ್ಕೆ ತುರುಕಿದ್ದು ಬಾವಿ ಪುಸ್ತಕ. ಅವರು ಹೋದ ಮೇಲೆ ಆ ಪುಟಗಳ ಕಟ್ಟು ನನಗೆ ಬಂತು. ನಾನೂ ವರ್ಷ ವರ್ಷ ಅದನ್ನೇ ಪರೀಕ್ಷೆಗೆ ಕೊಟ್ಟೆ. ಎಷ್ಟೋ ಜನ ಆ ಬಾವಿಗೆ ಬಿದ್ದು, ಪುನಃ ಪರೀಕ್ಷೆ ಕಟ್ಟಿ ಮೇಲೆ ಬಂದಿದ್ದಾರೆ. ತಂಗಿ ಬೇರೆ ಊರಲ್ಲಿ ಓದಿದವಳು, ಅವಳಿಗೆ ಇದು ಗೊತ್ತಿರಲು ಸಾಧ್ಯವಿರಲಿಲ್ಲ.

ಪಟ್ಟಿಯನ್ನು ಮೊದಲಿಂದ ಓದಿದೆ. ‘ಹಗ್ಗದ ಗಂಟುಗಳು ಮತ್ತು ನಾವಿಕರ ನಂಬಿಕೆಗಳು’, ನಮ್ಮದು. ‘ಅಖಿಲ ಕುಂಬಾರ ಸಮ್ಮೇಳನದ ನಡವಳಿಗಳು’, ನಮ್ಮದು. ಎಲ್ಲವೂ ನಮ್ಮವೇ. ಕಾರ್ಡು ಹೋಗಿ ಕಂಪ್ಯೂಟರ್ ಬಂದ ಮೇಲೆ ಮಕ್ಕಳು ಆ ಪುಟಗಳನ್ನು ಕಂಪ್ಯೂಟರಿನ ಅಭ್ಯಾಸದ ಭಾಗದಲ್ಲಿ ತುಂಬಿಸುತ್ತಿದ್ದರು, ಕ್ರಮಸಂಖ್ಯೆಯನ್ನೂ ತಾವೇ ಕಟ್ಟಿ ಹಾಕುತ್ತಿದ್ದರು. ಕಳೆದ ವರ್ಷ ಗ್ರಂಥಾಲಯಕ್ಕೆ ಹೊಸ ತಂತ್ರಾಂಶ ತಂದರು. ತಂದವರು ಅಭ್ಯಾಸದ್ದು ಯಾವುದು, ಅಸಲು ಯಾವುದು ಎಂದು ನೋಡದೆ ಅಕ್ಕಿ ಕಲ್ಲು ಎರಡನ್ನೂ ಒಂದೇ ಚೀಲಕ್ಕೆ ಸುರಿದಿದ್ದರು. ಆಮೇಲೆ ಎಣಿಕೆ ಮಾಡಿದರೆ ಕಲ್ಲು ಕಾಣೆಯಾಗಿದೆ ಎಂದು ನನ್ನ ತಂಗಿಯನ್ನು ಹಿಡಿದಿದ್ದರು.

"ನಾಳೆ ಬೆಳಗ್ಗೆ ಹೋಗಿ ಒಂದು ಮಾತು ಹೇಳಿದ್ರೆ ಮುಗೀತು," ಎಂದೆ. ತಂಗಿ ಆ ದಿನ ಮೊದಲ ಸಲ ಸರಿಯಾಗಿ ಉಸಿರಾಡಿದಳು. ಒಂದು ಮಾತಿನಿಂದ ಮುಗಿಯುತ್ತದೆ ಎಂದು ನಂಬಿದ ನನ್ನ ಬುದ್ಧಿಗೆ ಏನು ಹೇಳಲಿ!

ನಮ್ಮ ವಿಭಾಗದ ಮುಖ್ಯಸ್ಥನನ್ನು ಎಲ್ಲರೂ ಸ್ಲೈಡ್ ಸಾಹೇಬ ಎನ್ನುತ್ತಾರೆ, ಪರದೆಯ ಮೇಲೆ ಚಿತ್ರ ಬಿಡದೆ ಆತನಿಗೆ ಒಂದು ವಾಕ್ಯವೂ ಹೊರಡುವುದಿಲ್ಲ. ಗ್ರಂಥಾಲಯದ ಉಸ್ತುವಾರಿಯೂ ಈಗ ಆತನದೇ, ಪುಸ್ತಕ ಕಾಣೆ ಎಂದು ದೂರು ಕೊಟ್ಟದ್ದೂ ಆತನೇ. ಆತ ನನ್ನ ಹಳೆಯ ವಿದ್ಯಾರ್ಥಿ. ಸೂಚೀಕರಣದ ಪ್ರಾಯೋಗಿಕ ತರಗತಿ ಇರುವ ಮಧ್ಯಾಹ್ನಗಳಲ್ಲಿ ಆತನಿಗೆ ತಪ್ಪದೆ ತಲೆನೋವು ಬರುತ್ತಿತ್ತು. ಈಗ ಅದೇ ತಲೆ ಇಡೀ ವಿಭಾಗವನ್ನು ನಡೆಸುತ್ತಿದೆ. ನಾನು ಸೇರಿದಾಗ ಸೂಚೀಕರಣಕ್ಕೆ ನಾಲ್ಕು ಪತ್ರಿಕೆ ಇತ್ತು. ಅದು ಎರಡಾಯಿತು, ಒಂದಾಯಿತು, ಆಮೇಲೆ ಬೇಕಾದವರು ತಗೊಳ್ಳಿ ಎಂದಾಯಿತು. ಈತ ಬಂದ ಮೇಲೆ ಮೂರು ಮಧ್ಯಾಹ್ನದ ‘ಪರಿಚಯ’ ಆಗಿದೆ. ಸಿದ್ಧ ದಾಖಲೆ ಕೊಂಡುಕೊಂಡರೆ ಸಾಕಂತೆ, ಬರೆಯುವುದನ್ನು ಕಲಿಯುವುದು ದಂಡವಂತೆ. ಎಲ್ಲರೂ ಕೊಂಡುಕೊಂಡರೆ ಬರೆಯುವವರು ಯಾರು ಎಂದು ಸಭೆಯಲ್ಲಿ ಕೇಳಿದೆ. "ಮೇಡಂ ಅವರದು ಭಾವುಕತೆ" ಎಂದು ನಡವಳಿಯಲ್ಲಿ ಬರೆಸಿದ. ನಮ್ಮ ಪ್ರಾಯೋಗಿಕ ಕೊಠಡಿಯನ್ನು ಖಾಲಿ ಮಾಡಿಸಿ, ನೆಲದ ಮೇಲೆ ಬಣ್ಣಬಣ್ಣದ ದಿಂಬು ಹಾಕಿ, ‘ಚಿಂತನ ತಾಣ’ ಎಂದು ಬೋರ್ಡು ಬರೆಸಿದ. ಅಲ್ಲಿ ಮಕ್ಕಳು ಮಲಗುತ್ತಾರೆ. ಕಾರ್ಡುಗಳ ಮರದ ಡ್ರಾಯರುಗಳಲ್ಲಿ ಒಂದನ್ನು ತನ್ನ ಕೋಣೆಯಲ್ಲಿಟ್ಟುಕೊಂಡು ಅದರೊಳಗೆ ಕಳ್ಳಿಗಿಡ ನೆಟ್ಟಿದ್ದಾನೆ.

ಆ ಗಿಡದ ಎದುರು ಕೂತು ನಾನು ಎಲ್ಲವನ್ನೂ ಹೇಳಿದೆ. ಆತ ಕೇಳಿದ. ಕೇಳುತ್ತ ಕೇಳುತ್ತ ಕುರ್ಚಿಯನ್ನು ಹಿಂದಕ್ಕೆ ಒರಗಿಸಿದ.

"ಸಿಸ್ಟಂ ಇದೆ ಅಂತಿದೆಯಲ್ಲ, ಮೇಡಂ."

"ಸಿಸ್ಟಂಗೆ ತುಂಬಿಸಿದ್ದು ನಮ್ಮ ಮಕ್ಕಳು ಕಣಪ್ಪ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ, ಹಾಗಾಯ್ತು ಇದು. ಇಂಥ ಪುಸ್ತಕ ಬರೆದವರಿಲ್ಲ, ಅಚ್ಚು ಹಾಕಿದವರಿಲ್ಲ."

"ಇಲ್ಲ ಅನ್ನೋದಕ್ಕೆ ದಾಖಲೆ?"

ನೋಡಿ, ಇದ್ದದ್ದಕ್ಕೆ ದಾಖಲೆ ಕೇಳುವವರನ್ನು ಕಂಡಿದ್ದೇನೆ. ಇಲ್ಲದ್ದಕ್ಕೂ ದಾಖಲೆ ಬೇಕಂತೆ ಈ ಮಹಾರಾಯನಿಗೆ! ಚುಕ್ಕಿ ಮೇಷ್ಟ್ರು ಬರೆದ ಪುಟಗಳ ಕಟ್ಟು ಇತ್ತಲ್ಲ, ನೋಡು ಎಂದೆ. ಕೊಠಡಿ ಖಾಲಿ ಮಾಡಿದಾಗ ಬೀರುವಿನ ಸಮೇತ ಗುಜರಿಗೆ ಹೋಯಿತು ಎಂದ. ಪುಸ್ತಕ ಕೊಂಡದ್ದಕ್ಕೆ ಬಿಲ್ಲು ಇರಬೇಕಲ್ಲ, ಇದಕ್ಕೆ ಇದೆಯಾ ಎಂದೆ. ಬಿಲ್ಲಿಲ್ಲದ್ದನ್ನೆಲ್ಲ ಸಿಸ್ಟಂ ‘ದಾನವಾಗಿ ಬಂದದ್ದು’ ಎಂದು ತೋರಿಸುತ್ತದೆ ಎಂದ. ಬಂದ ಪುಸ್ತಕಗಳನ್ನೆಲ್ಲ ಕೈಯಲ್ಲಿ ಬರೆದಿಡುತ್ತಿದ್ದ ಹಳೆಯ ರಿಜಿಸ್ಟರುಗಳನ್ನು ತೆಗೆಸು, ಅವುಗಳಲ್ಲಿ ಇವು ಇರುವುದಿಲ್ಲ ಎಂದೆ. ಕಾಗದರಹಿತ ಅಭಿಯಾನದಲ್ಲಿ ಅವೂ ಹೋಗಿದ್ದವು. ಬೇರೆ ಯಾವ ಗ್ರಂಥಾಲಯದಲ್ಲೂ ಈ ಪುಸ್ತಕ ಇಲ್ಲ, ನೀನೇ ಹುಡುಕಿ ನೋಡು ಎಂದೆ.

"ಅದಕ್ಕೇ ಮೇಡಂ, ಇಷ್ಟು ಗಂಭೀರ ವಿಷಯ ಆಗಿರೋದು," ಎಂದ. "ಬೇರೆಲ್ಲೂ ಇಲ್ಲ ಅಂದ್ರೆ ಅಪರೂಪದ ಪುಸ್ತಕ."

ಮೇಜಿನ ಮೇಲಿದ್ದ ನೀರು ಕುಡಿದೆ, ಅದು ಆತನ ಲೋಟ. ಕುಡಿದು ಇಟ್ಟ ಮೇಲೆ ಆತ ಬೀರುವಿನಿಂದ ಒಂದು ದಪ್ಪ ಸಂಪುಟ ತೆಗೆದು, ಗುರುತು ಇಟ್ಟಿದ್ದ ಪುಟ ಬಿಡಿಸಿ ನನ್ನ ಮುಂದಿಟ್ಟ.

"ಇದು ಸಾಮಾನ್ಯ ಪುಸ್ತಕ ಅಂದ್ಕೋಬೇಡಿ. ನನ್ನ ಈ ಲೇಖನಕ್ಕೆ ನಾನೇ ಅದನ್ನ ಆಧಾರ ಮಾಡ್ಕೊಂಡಿದ್ದೀನಿ. ವಿಚಾರಣೆ ಕಡತದಲ್ಲೂ ಇದರ ಪ್ರತಿ ಹಾಕಿದ್ದೀನಿ, ಪುಸ್ತಕದ ಮಹತ್ವ ಗೊತ್ತಾಗಲಿ ಅಂತ."

ಗ್ರಾಮೀಣ ಜ್ಞಾನದ ಸಂಘಟನೆಯ ಬಗ್ಗೆ ಆತನ ಲೇಖನ. ಈ ವರ್ಷ ಬಡ್ತಿ ಸಿಕ್ಕಿದ್ದೇ ಅದರಿಂದ. ಕೊನೆಯ ಆಧಾರಗ್ರಂಥಗಳ ಸಾಲಿನಲ್ಲಿ, ಮೂವರು ಲೇಖಕರು ಇಬ್ಬರು ಸಂಪಾದಕರ ಸಮೇತ, ಬಾವಿ ಪುಸ್ತಕ ಕೂತಿತ್ತು. ‘ಸಂಪುಟ ಮೂರು, ಪುಟ ೧೧೪’ ಎಂದಿತ್ತು. ಹೊಸ ತಂತ್ರಾಂಶದಲ್ಲಿ ಕಂಡದ್ದನ್ನು ಹಾಗೇ ಎತ್ತಿ ಹಾಕಿದ್ದ, ಆದರೂ ಒಂದು ಅಲ್ಪವಿರಾಮ ತಪ್ಪಿತ್ತು.

"ಓದಿದ್ದೀಯಾ ಇದನ್ನ?" ಎಂದೆ.

"ಓದದೆ ಬರೀತೀನಾ?"

"ಈ ಪುಸ್ತಕದ ಕಾರ್ಡನ್ನ ನೀನು ಮೂರನೇ ಸೆಮಿಸ್ಟರ್‌ನಲ್ಲಿ ಬರೀಬೇಕಾಗಿತ್ತು. ಅವತ್ತು ನಿನಗೆ ತಲೆನೋವು."

ಆಗ ಆತನಿಗೆ ಅರ್ಥವಾಯಿತು. ಕಣ್ಣು ಒಮ್ಮೆ ಪುಟದ ಕಡೆ ಹೋಗಿ, ನನ್ನ ಕಡೆ ಬಂದು, ಬಾಗಿಲ ಕಡೆ ಹೋಯಿತು. ಮನುಷ್ಯನಿಗೆ ನಾಚಿಕೆ ಅನ್ನುವುದು ಬರುವುದಿದ್ದರೆ ಆ ಗಳಿಗೆಯಲ್ಲಿ ಬರಬೇಕಿತ್ತು. ಬರಲಿಲ್ಲ. ಸಂಪುಟ ಮುಚ್ಚಿ ಬೀರುವಿನೊಳಗಿಟ್ಟು ಬೀಗ ಹಾಕಿದ. ಹೊಸ ತಂತ್ರಾಂಶಕ್ಕೆ ‘ದಾಖಲೆಗಳೆಲ್ಲ ಪರಿಶೀಲಿಸಲ್ಪಟ್ಟಿವೆ’ ಎಂದು ಸಹಿ ಹಾಕಿದವನೂ ಈತನೇ. ಬಾವಿ ಪುಸ್ತಕ ಇಲ್ಲ ಎಂದಾದರೆ ಆ ಸಹಿಯೂ ಹೋಗುತ್ತದೆ, ಲೇಖನವೂ ಹೋಗುತ್ತದೆ. ನನ್ನ ತಂಗಿಯ ಮಾನ ಹೋದರೆ ಆತನ ಗಂಟೇನು ಹೋಗುತ್ತದೆ?

"ವಿಚಾರಣೇಲಿ ಹೇಳಿ ಮೇಡಂ, ಏನು ಹೇಳೋದಿದ್ರೂ," ಎಂದ. ಕಳ್ಳಿಗಿಡಕ್ಕೆ ನೀರು ಹಾಕತೊಡಗಿದ. ಕಳ್ಳಿಗಿಡಕ್ಕೆ ಯಾರಾದರೂ ದಿನಾ ನೀರು ಹಾಕುತ್ತಾರಾ?

ವಿಚಾರಣೆಯ ದಿನದವರೆಗೆ ನಾನು ಮನೆಯಲ್ಲಿ ಯಾರನ್ನೂ ನೆಮ್ಮದಿಯಾಗಿರಲು ಬಿಡಲಿಲ್ಲ. ಪಾತ್ರೆ ಇಟ್ಟರೆ ಸದ್ದು, ಬಾಗಿಲು ಹಾಕಿದರೆ ಸದ್ದು. ನಮ್ಮ ಯಜಮಾನರು ವಾಕಿಂಗ್ ಸಮಯ ಹೆಚ್ಚಿಸಿಕೊಂಡರು. ತಂಗಿ ಮಾತ್ರ ದಿನಾ ಕೆಲಸಕ್ಕೆ ಹೋಗಿ, ಭಂಡಾರದ ದೀಪ ಹಾಕಿ, ಸಂಜೆ ಆರಿಸಿ ಬರುತ್ತಿದ್ದಳು. ಅಲ್ಲಿಯವರು ಅವಳ ಬ್ಯಾಗಿನ ಕಡೆ ನೋಡುತ್ತಿದ್ದರಂತೆ. ಅವಳಿಗೆ ಅದು ಗೊತ್ತಾಗಿ, ಬ್ಯಾಗು ಬಿಟ್ಟು ಊಟದ ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗತೊಡಗಿದಳು. ಇದನ್ನು ಅವಳು ನನಗೆ ಹೇಳಿದ್ದಲ್ಲ, ದಾರಿಯಲ್ಲಿ ಕಂಡು ನಾನೇ ಕೇಳಿ ತಿಳಿದೆ.

ವಿಚಾರಣೆ ನಡೆದದ್ದು ಚಿಂತನ ತಾಣದಲ್ಲಿ. ಬೇರೆ ಕೋಣೆ ಖಾಲಿ ಇರಲಿಲ್ಲವಂತೆ. ದಿಂಬುಗಳನ್ನು ಮೂಲೆಗೆ ರಾಶಿ ಹಾಕಿ ಮೇಜು ಹಾಕಿದ್ದರು. ನಡುವೆ ಆಡಳಿತಾಧಿಕಾರಿ, ಒಂದು ಪಕ್ಕ ಲೆಕ್ಕಪತ್ರದಾಕೆ, ಇನ್ನೊಂದು ಪಕ್ಕ ಸ್ಲೈಡ್ ಸಾಹೇಬ. ದೂರು ಕೊಟ್ಟವನೇ ತೀರ್ಪು ಹೇಳುವವರ ಸಾಲಿನಲ್ಲಿ! ಕೇಳಿದ್ದಕ್ಕೆ "ವಿಷಯತಜ್ಞರು ಬೇಕಲ್ಲ" ಎಂದರು ಆಡಳಿತಾಧಿಕಾರಿ. ಅವರು ಕೆಟ್ಟವರಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿಯೇ ಅಷ್ಟು ಮೇಲೆ ಬಂದವರು. ತಂಗಿಯ ಪರ ಮಾತಾಡಲು ನನಗೆ ಅನುಮತಿ ಕೊಟ್ಟರು.

ನಾನು ಮೊದಲಿಂದ ಹೇಳಿದೆ. ಮುಖಪುಟಗಳ ಕಥೆ, ಅಭ್ಯಾಸದ ದಾಖಲೆಗಳ ಕಥೆ, ಚೀಲಕ್ಕೆ ಸುರಿದ ಕಥೆ. ಲೆಕ್ಕಪತ್ರದಾಕೆ ನಡುವೆ ನಡುವೆ "ಪುಸ್ತಕಾನೇ ಇಲ್ದೆ ಅಭ್ಯಾಸ ಹೇಗೆ?" ಎಂದು ಕೇಳಿದರು. "ಮಕ್ಕಳು ಲೆಕ್ಕದ ಪುಸ್ತಕದಲ್ಲಿ ಅರ್ಧ ತೆರೆದ ಕೊಳಾಯಿಯಿಂದ ತೊಟ್ಟಿ ತುಂಬಿಸಲ್ವಾ? ಆ ತೊಟ್ಟಿ ಎಲ್ಲಿದೆ?" ಎಂದೆ. ಅವರು ನಕ್ಕರು. ನಕ್ಕರು ಎಂದರೆ ಅರ್ಥವಾಯಿತು ಎಂದುಕೊಂಡೆ.

"ಸರ್ ಈ ಪುಸ್ತಕಾನ ಓದಿದ್ದೀನಿ ಅಂತ ಬರೆದಿದ್ದಾರಲ್ಲ," ಎಂದರು ಆಡಳಿತಾಧಿಕಾರಿ, ಕಡತದಲ್ಲಿದ್ದ ಲೇಖನದ ಪ್ರತಿ ತೋರಿಸುತ್ತ.

ನಾನು ಕಾಯುತ್ತಿದ್ದದ್ದು ಅದಕ್ಕೇ. "ಅದನ್ನೇ ಕೇಳಿ ಸ್ವಾಮಿ. ಭಂಡಾರದ ಪುಸ್ತಕ ಹೊರಗೆ ಹೋದ್ರೆ ಎರವಲು ದಾಖಲೆ ಇರಬೇಕು. ಈ ಪುಸ್ತಕಕ್ಕೆ ಎರವಲು ದಾಖಲೆ ಇಲ್ಲ. ಇವರು ಓದಿದ್ದು ಎಲ್ಲಿ?"

ಸ್ಲೈಡ್ ಸಾಹೇಬ ತಡವರಿಸುತ್ತಾನೆ, ಸಿಕ್ಕಿಬೀಳುತ್ತಾನೆ ಎಂದು ನಾನು ರಾತ್ರಿಯೆಲ್ಲ ಲೆಕ್ಕ ಹಾಕಿದ್ದೆ. ಆತ ತಡವರಿಸಲಿಲ್ಲ.

"ಮುಖ್ಯಸ್ಥನಾಗಿ ದಾಖಲೆ ಇಲ್ಲದೇನೇ ತರಿಸ್ಕೊಂಡೆ, ಅದು ನನ್ನ ತಪ್ಪು, ಒಪ್ಕೋತೀನಿ," ಎಂದ, ದೊಡ್ಡ ಮನುಷ್ಯನ ದನಿಯಲ್ಲಿ. "ಒಂದು ವಾರ ಇಟ್ಕೊಂಡಿದ್ದೆ. ಆಮೇಲೆ ನಾನೇ ಕೆಳಗಿಳಿದು ಹೋಗಿ ವಾಪಸ್ ಕೊಟ್ಟೆ." ತಂಗಿಯ ಕಡೆ ಕೈ ತೋರಿಸಿದ. "ಇವರ ಕೈಗೆ."

ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು ಸುಳ್ಳು ಹೇಳುವವರನ್ನು ನೋಡಿದ್ದೇನೆ. ಹುಟ್ಟದ ಪುಸ್ತಕವನ್ನು ಜೀವಂತ ಹೆಂಗಸಿನ ಕೈಗೆ ಇಟ್ಟವನನ್ನು ಅವತ್ತೇ ನೋಡಿದ್ದು. ನಾನು ಎದ್ದು ನಿಂತು ಏನೇನೋ ಅಂದೆ. ಅದನ್ನೆಲ್ಲ ಇಲ್ಲಿ ಬರೆಯಲಾಗುವುದಿಲ್ಲ. ಲೆಕ್ಕಪತ್ರದಾಕೆ ನೀರಿನ ಬಾಟಲಿ ಮುಂದೆ ತಳ್ಳಿದರು. ಆಡಳಿತಾಧಿಕಾರಿ ಕೈ ಎತ್ತಿ, "ಮೇಡಂ, ಮೇಡಂ, ಕೂತ್ಕೊಳ್ಳಿ. ಎಲ್ಲರೂ ನಮ್ಮವರೇ" ಎಂದರು.

ಆಮೇಲೆ ಅವರು ಪೆನ್ನಿನ ಮುಚ್ಚಳ ತೆಗೆದು, ಹಾವೂ ಸಾಯದ ಕೋಲೂ ಮುರಿಯದ ಒಂದು ನಿರ್ಣಯವನ್ನು ಗಟ್ಟಿಯಾಗಿ ಓದಿಕೊಳ್ಳುತ್ತ ಬರೆದರು. ಪುಸ್ತಕಗಳು ಕಳೆದುಹೋಗಿವೆ. ಕಾರಣ ತಿಳಿದುಬಂದಿಲ್ಲ. ಮೇಲ್ವಿಚಾರಕಿಯ ದೀರ್ಘ ಸೇವೆಯನ್ನು ಪರಿಗಣಿಸಿ ಯಾವುದೇ ಕ್ರಮ ಕೈಗೊಳ್ಳುವ ಅಗತ್ಯವಿಲ್ಲ. ನಿವೃತ್ತಿವೇತನಕ್ಕೆ ತೊಂದರೆ ಇಲ್ಲ.

"ಸಹಿ ಮಾಡಿಬಿಡಿ ಅಮ್ಮಾ. ಇವತ್ತಿಗೆ ಮುಗೀತು," ಎಂದು ಕಾಗದವನ್ನು ತಂಗಿಯ ಮುಂದಿಟ್ಟರು.

ನಿಜ ಹೇಳುತ್ತೇನೆ, ನನಗೂ ಸಾಕಾಗಿತ್ತು. ಗೋಡೆಗೆ ಎಷ್ಟು ಹೊತ್ತು ತಲೆ ಚಚ್ಚಿಕೊಳ್ಳುವುದು? ನಿವೃತ್ತಿವೇತನ ಉಳಿಯಿತಲ್ಲ, ಮನೆಗೆ ಹೋಗಿ ಮಲಗಿದರೆ ಸಾಕು ಎನ್ನಿಸಿತು. ಮೇಜಿನ ಕೆಳಗೆ ಅವಳ ಮೊಣಕೈ ಮುಟ್ಟಿ, "ಹಾಕು" ಎಂದೆ ಮೆಲ್ಲಗೆ.

ಅವಳು ಪೆನ್ನು ತಗೊಂಡಳು. ಕಾಗದವನ್ನು ಒಂದು ಸಲ ಪೂರ್ತಿ ಓದಿದಳು. ಪೆನ್ನು ಕೆಳಗಿಟ್ಟಳು.

"ಸರ್, ವಾಪಸ್ ಕೊಟ್ಟಾಗ ನಾನು ನಿಮಗೆ ಚೀಟಿ ಕೊಟ್ನಾ?" ಎಂದು ಕೇಳಿದಳು. ಕೋಣೆಗೆ ಬಂದಮೇಲೆ ಅವಳು ಆಡಿದ ಮೊದಲ ಮಾತು.

"ಚೀಟಿ... ಕೊಟ್ಟಿರಬಹುದು. ಎಲ್ಲಿಟ್ಟೆನೋ."

"ವಾಪಸಾತಿ ಚೀಟಿ ಇಲ್ದಿದ್ರೆ ಪುಸ್ತಕ ವಾಪಸ್ ಬಂದಿಲ್ಲ ಅಂತ ಲೆಕ್ಕ. ಇದು ನಾನು ಮಾಡಿದ ನಿಯಮ ಅಲ್ಲ, ಭಂಡಾರದ ಬಾಗಿಲಲ್ಲೇ ಹಾಕಿದೆ. ಉಪಕುಲಪತಿಗಳಿಗೂ ಅದೇ, ಮೊದಲ ವರ್ಷದ ಮಕ್ಕಳಿಗೂ ಅದೇ." ಅವಳು ಆಡಳಿತಾಧಿಕಾರಿಯ ಕಡೆ ತಿರುಗಿದಳು. "ಸರ್, ಇವರು ಪುಸ್ತಕ ತಗೊಂಡೆ ಅಂತ ನಿಮ್ಮೆದುರಿಗೆ ಹೇಳಿದ್ದಾರೆ. ಅದನ್ನ ಬರ್ಕೊಂಡಿದ್ದೀರಲ್ವಾ?"

"ಬರ್ಕೊಂಡಿದ್ದೀನಿ," ಎಂದರು ಅವರು, ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯದೆ.

"ಹಾಗಾದ್ರೆ ಪುಸ್ತಕ ಕಳೆದಿಲ್ಲ. ಇವರ ಹತ್ರ ಇದೆ. ನಾನಿನ್ನೂ ಮೇಲ್ವಿಚಾರಕಿ, ಕೇಳೋದು ನನ್ನ ಕೆಲಸ." ಅವಳು ಸ್ಲೈಡ್ ಸಾಹೇಬನ ಮುಂದೆ ಕೈ ಚಾಚಿದಳು. ಅಂಗೈ ಮೇಲೆ ಮಾಡಿ, ಮೇಜಿನ ಆಚೆಯವರೆಗೆ. "ಸರ್, ಬಾವಿ ಪುಸ್ತಕ ಕೊಡಿ."

ಸ್ಲೈಡ್ ಸಾಹೇಬ ನಗಲು ನೋಡಿದ.

"ಏನ್ ತಮಾಷೆ ಇದು? ನಾನು ಕೊಟ್ಟಾಗಿದೆ ಅಂದೆನಲ್ಲ."

"ಚೀಟಿ ತೋರಿಸಿ."

"ಚೀಟಿ ಇಲ್ಲ ಅಂದೆನಲ್ಲಮ್ಮ!"

"ಹಾಗಾದ್ರೆ ಪುಸ್ತಕ ಕೊಡಿ." ಅವಳು ಚಾಚಿದ ಕೈಯನ್ನು ಹಿಂದಕ್ಕೆ ತಗೊಳ್ಳಲಿಲ್ಲ. "ನೀವೇ ಹೇಳಿದ್ದು ಅಪರೂಪದ್ದು ಅಂತ. ಎಲ್ಲೂ ಇನ್ನೊಂದು ಪ್ರತಿ ಇಲ್ಲ ಅಂತ. ಅಂಥ ಪುಸ್ತಕ ತಗೊಂಡು ಹೋದವರು ಚೀಟಿ ಇಲ್ದೆ ಬಂದ್ರೆ ನಾನು ಸುಮ್ನೆ ಬಿಡಲ್ಲ ಸರ್. ಒಂದು ತಿಂಗಳಿಂದ ನನ್ನ ಬ್ಯಾಗ್ ನೋಡ್ತಿದ್ದಾರೆ ಇಲ್ಲಿ. ಇವತ್ತು ನಿಮ್ಮ ಬೀರು ತೆಗೀರಿ."

ಲೆಕ್ಕಪತ್ರದಾಕೆ ಮೆಲ್ಲಗೆ, "ನಿಯಮದ ಪ್ರಕಾರ ಹೌದು ಸರ್, ಕೊನೇಲಿ ಯಾರ ಹತ್ರ ಇತ್ತೋ ಅವರೇ ಹೊಣೆ" ಎಂದರು. ಲೆಕ್ಕದವರಿಗೆ ಕಥೆ ಅರ್ಥವಾಗದಿದ್ದರೂ ಹೊಣೆ ಅರ್ಥವಾಗುತ್ತದೆ. ಆಡಳಿತಾಧಿಕಾರಿ ತಾವು ಬರೆದ ನಿರ್ಣಯವನ್ನು ತಮ್ಮ ಕಡೆಗೆ ಎಳೆದುಕೊಂಡು, ಪೆನ್ನನ್ನು ಅದರ ಮೇಲೆ ಹಿಡಿದು, "ಏನಂತ ಬರೀಲಿ ಸರ್? ತಮ್ಮ ಹತ್ರ ಇದೆ ಅಂತ ಬರೀಲಾ?" ಎಂದರು. ಆ ಮನುಷ್ಯ ಅಷ್ಟು ನೇರವಾಗಿ ಕೇಳಿದ್ದು ಅದೇ ಮೊದಲಿರಬೇಕು.

ಸ್ಲೈಡ್ ಸಾಹೇಬ ನನ್ನ ಕಡೆ ನೋಡಿದ. ನಾನು ಸಹಾಯ ಮಾಡಲಿ ಎನ್ನುವ ಹಾಗೆ ನೋಡಿದ! ತಲೆನೋವಿನ ಮಧ್ಯಾಹ್ನಗಳಲ್ಲಿ ಹಾಜರಿ ಕೇಳುತ್ತ ನೋಡುತ್ತಿದ್ದ ಅದೇ ಮುಖ. ನಾನು ಕಿಟಕಿಯ ಕಡೆ ತಿರುಗಿ ಕೂತೆ.

"ಇಲ್ಲ," ಎಂದ ಕೊನೆಗೆ.

"ನಿಮ್ಮ ಹತ್ರ ಇಲ್ವಾ?" ಎಂದರು ಆಡಳಿತಾಧಿಕಾರಿ.

"ಇಲ್ಲ. ಅಂದ್ರೆ..." ಆತ ಕರವಸ್ತ್ರ ಹುಡುಕಿದ. "ಆ ಪುಸ್ತಕಾನೇ ಇಲ್ಲ."

"ಎಲ್ಲೂ?"

"ಎಲ್ಲೂ ಇಲ್ಲ."

"ಜೋರಾಗಿ ಹೇಳಿ ಸರ್," ಎಂದಳು ನನ್ನ ತಂಗಿ. "ಅವರು ಬರ್ಕೋಬೇಕು."

ಆತ ಜೋರಾಗಿ ಹೇಳಿದ. ಪಟ್ಟಿಯ ಉಳಿದ ಪುಸ್ತಕಗಳ ಹೆಸರನ್ನೂ ತಂಗಿ ಒಂದೊಂದಾಗಿ ಓದಿದಳು, ಆತ ಒಂದೊಂದಕ್ಕೂ "ಇಲ್ಲ" ಎನ್ನಬೇಕಾಯಿತು. ನನಗೆ ಪರೀಕ್ಷೆ ತಗೊಂಡಷ್ಟು ತೃಪ್ತಿಯಾಯಿತು. ಹಳೆಯ ನಿರ್ಣಯವನ್ನು ಹರಿದು ಹೊಸದು ಬರೆದರು. ‘ಸದರಿ ಗ್ರಂಥಗಳು ಅಸ್ತಿತ್ವದಲ್ಲೇ ಇರಲಿಲ್ಲವಾದ್ದರಿಂದ ನಷ್ಟದ ಪ್ರಶ್ನೆ ಉದ್ಭವಿಸುವುದಿಲ್ಲ.’ ತಂಗಿ ಸಹಿ ಹಾಕಿದಳು. ಒಂದು ಪ್ರತಿ ಕೇಳಿ ಇಸಕೊಂಡಳು.

ಆತನಿಗೆ ಏನಾಯಿತು ಎಂದು ನೀವು ಕೇಳಬಹುದು. ಏನೂ ಆಗಲಿಲ್ಲ. ಲೇಖನದ ಬಗ್ಗೆ ‘ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು’ ಎಂದರು, ಇನ್ನೂ ಪರಿಶೀಲಿಸುತ್ತಿದ್ದಾರೆ. ಸೂಚೀಕರಣ ಮೂರು ಮಧ್ಯಾಹ್ನದಿಂದ ಎರಡಕ್ಕಿಳಿದಿದೆ. ಇದರ ಬಗ್ಗೆ ಮಾತಾಡತೊಡಗಿದರೆ ನನ್ನ ರಕ್ತದೊತ್ತಡ ಏರುತ್ತದೆ.

ಅವತ್ತು ನಾವಿಬ್ಬರೂ ಮೆಟ್ಟಿಲಿಳಿದು ಬಂದಾಗ ಕೆಳಗೆ ತಂಗಿಯ ಗಂಡ ಸ್ಕೂಟರಿಗೆ ಒರಗಿಕೊಂಡು ನಿಂತಿದ್ದ. ಬಸ್ ಡಿಪೋದ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದ. ಒಳ್ಳೆಯವನೇ, ಇಲ್ಲವೆನ್ನುವುದಿಲ್ಲ. ನಮ್ಮ ಮುಖ ನೋಡಿದ ಕೂಡಲೇ ಅವನಿಗೆ ಗೆಲುವಾಯಿತು.

"ಏನಾಯ್ತು? ಬಿಟ್ಟುಬಿಟ್ರಾ?" ಎಂದ.

ತಂಗಿ ನಿಂತಳು. ಮೇಲೆ ಅಷ್ಟು ಜನರ ಎದುರು ಏರದ ದನಿ ಅಲ್ಲಿ, ಸ್ಕೂಟರುಗಳ ನಡುವೆ, ಏರಿತು.

"ಬಿಟ್ಟುಬಿಟ್ರಾ ಅಂದ್ರೆ ಏನ್ರೀ? ಬಿಡೋಕೆ ನಾನೇನು ಕದ್ದಿದ್ನಾ?"

"ಅಯ್ಯೋ, ನಾನು ಹಾಗಂದ್ನಾ? ಸದ್ಯ ಪಾರಾದೆಯಲ್ಲ ಅಂತ..."

"ಪಾರಾಗಲಿಲ್ಲ ನಾನು." ಕೈಯಲ್ಲಿದ್ದ ಪ್ರತಿಯನ್ನು ಅವನ ಎದೆಗೆ ಒತ್ತಿದಳು. "ಓದಿ. ಇಲ್ಲೇ ಓದಿ. ಆಮೇಲೆ ಮನೆಗೆ ಹೋಗಿ ಅತ್ತೆಗೆ ನೀವೇ ಓದಿ ಹೇಳಿ. ಅವರ ಮುಂದೆ ನನಗೆ ಬಾಯಿ ಬರಲ್ಲ."

ಅವನು ಸ್ಕೂಟರಿನ ಮೇಲೆ ಕಾಗದ ಹರಡಿಕೊಂಡು, ತುಟಿ ಅಲ್ಲಾಡಿಸುತ್ತ ಓದತೊಡಗಿದ. ಎರಡು ಸಾಲು ಆಗಿರಬಹುದು. ತಲೆ ಎತ್ತಿ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ, ತಗ್ಗಿದ ದನಿಯಲ್ಲಿ ಕೇಳಿದ:

"ಹಾಗಾದ್ರೆ ಆ ಪುಸ್ತಕಗಳೆಲ್ಲ ಹೋಗಿದ್ದೆಲ್ಲಿಗೆ?"